ಹೊಸ ಮನೆಯ ಸೆಕೆ: ಗೋಡೆಗೆ ಎಷ್ಟು ಇಂಚು, ಮಾಡಿಗೆ ಎಷ್ಟು?

ನಮ್ಮ ಕಡೆ ಮನೆ ಕಟ್ಟುವವರ ಮಾತು ಹಿಂದೆಲ್ಲ ಎಷ್ಟು ಬೆಡ್‌ರೂಮ್, ಎಷ್ಟು ಚದರಡಿ, ಎದುರಿನ ಸಿಟೌಟ್ ಎಷ್ಟು ಅಗಲ ಎಂಬಲ್ಲಿಗೆ ಮುಗಿಯುತ್ತಿತ್ತು. ಈಗ ಒಂದು ಹೊಸ ಪ್ರಶ್ನೆ ಸೇರಿಕೊಂಡಿದೆ. ದುಬೈ, ದಮಾಮ್, ದೋಹಾದಲ್ಲಿ ದುಡಿಯುವ ನಮ್ಮ ಯುವಕರು ಊರಿನಲ್ಲಿ ಪಂಚಾಂಗದ ಕೆಲಸ ಮುಗಿದ ಕೂಡಲೇ ಫೋನ್ ಮಾಡಿ ಕೇಳುತ್ತಾರೆ: “ಗೋಡೆಗೆ ಇನ್ಸುಲೇಶನ್ ಎಷ್ಟು ಇಂಚು ಹಾಕಿಸುವುದು?” ಈಚೆ ಕಡೆಯಿಂದ ಮೇಸ್ತ್ರಿಯ ಉತ್ತರವೂ ಸಿದ್ಧ ಉಂಟು: “ಇಲ್ಲಿ ಅದೆಲ್ಲ ಎಂತಕ್ಕೆ ಮಾರ್ರೆ? ಕೆಂಪು ಕಲ್ಲಿನ ಗೋಡೆ, ಅದೇ ತಂಪು.”

ಇಬ್ಬರ ಮಾತಿನಲ್ಲೂ ಅರ್ಧ ಸತ್ಯ ಇದೆ. ಉಳಿದ ಅರ್ಧ ತಿಳಿಯದೆ ನಿರ್ಧಾರ ಮಾಡಿದರೆ ದುಡ್ಡು ಗೋಡೆಯೊಳಗೆ ಹೋಗುತ್ತದೆ, ಸೆಕೆ ಮನೆಯೊಳಗೇ ಉಳಿಯುತ್ತದೆ.

ಇದು ಸಣ್ಣ ವಿಷಯ ಅಲ್ಲ. ಹತ್ತು ಹದಿನೈದು ವರ್ಷ ಹೊರದೇಶದಲ್ಲಿ ದುಡಿದು ಉಳಿಸಿದ ಹಣದಲ್ಲಿ ಮನೆ ಏಳುತ್ತದೆ. ಬ್ಯಾಂಕಿನ ಸಾಲ ಬೇಡ ಎನ್ನುವವರು ಒಂದು ವರ್ಷ ಪಂಚಾಂಗ, ಇನ್ನೊಂದು ವರ್ಷ ಗೋಡೆ, ಮತ್ತೊಂದು ವರ್ಷ ಸ್ಲ್ಯಾಬ್ ಎಂದು ಹಂತ ಹಂತವಾಗಿ ಕಟ್ಟುತ್ತಾರೆ. ತೀರ್ಮಾನ ಮಾಡುವವನು ಅಲ್ಲಿ ಎಸಿ ರೂಮಿನಲ್ಲಿ ಮಲಗಿರುತ್ತಾನೆ. ಈ ಮನೆಯಲ್ಲಿ ಮಲಗಬೇಕಾದವರು ಉಮ್ಮ, ಉಪ್ಪ, ಹೆಂಡತಿ, ಮಕ್ಕಳು. ಲಕ್ಷಗಟ್ಟಲೆ ಸುರಿದು ಕಟ್ಟಿದ ಮೇಲಿನ ಮಹಡಿಯ ಬೆಡ್‌ರೂಮಿಗೆ ಮಾರ್ಚ್‌ನಿಂದ ಮೇ ತಿಂಗಳವರೆಗೆ ಬಾಗಿಲು ಹಾಕಿ, ಎಲ್ಲರೂ ಕೆಳಗಿನ ಹಾಲ್‌ನಲ್ಲಿ ಚಾಪೆ ಹಾಸಿ ಮಲಗುವ ಮನೆಗಳು ನಮ್ಮ ಊರುಗಳಲ್ಲಿ ಎಷ್ಟೋ ಇವೆ. ಆ ರೂಮ್ ಕಟ್ಟಿದ ಉದ್ದೇಶವೇ ಅಲ್ಲಿಗೆ ಹೋಯಿತಲ್ಲ.

ಇಂಚಿನ ಲೆಕ್ಕ ಹೀಗೆ

ಇನ್ಸುಲೇಶನ್ ಎಂದರೆ ಶಾಖ ದಾಟದಂತೆ ತಡೆಯುವ ಹೊದಿಕೆ. ಥರ್ಮೋಕೋಲ್ ಹಾಳೆ (ಅಂಗಡಿಯಲ್ಲಿ ಇಪಿಎಸ್ ಎನ್ನುತ್ತಾರೆ), ಅದಕ್ಕಿಂತ ಗಟ್ಟಿಯಾದ ಎಕ್ಸ್‌ಪಿಎಸ್ ಬೋರ್ಡ್, ರಾಕ್‌ವುಲ್ ಇವೆಲ್ಲ ಇದರಲ್ಲಿ ಬರುತ್ತವೆ. ಇವೆಲ್ಲದರ ಗುಟ್ಟು ಒಂದೇ: ಒಳಗೆ ಅಲುಗಾಡದೆ ನಿಂತ ಗಾಳಿ.

ಗೋಡೆ ಎಷ್ಟು ಶಾಖ ಒಳಬಿಡುತ್ತದೆ ಎಂಬುದಕ್ಕೆ ಇಂಜಿನಿಯರುಗಳು ‘ಯು ವ್ಯಾಲ್ಯೂ’ ಎಂಬ ಅಳತೆ ಹೇಳುತ್ತಾರೆ. ಹೊರಗಿಗೂ ಒಳಗಿಗೂ ಒಂದು ಡಿಗ್ರಿ ವ್ಯತ್ಯಾಸ ಇದ್ದಾಗ ಒಂದು ಚದರ ಮೀಟರ್ ಗೋಡೆಯಲ್ಲಿ ಎಷ್ಟು ವಾಟ್ ಶಾಖ ದಾಟುತ್ತದೆ ಎಂಬ ಲೆಕ್ಕ ಅದು. ಸಂಖ್ಯೆ ಸಣ್ಣದಾದಷ್ಟೂ ಒಳ್ಳೆಯದು. ಎರಡೂ ಬದಿ ಸಾರಣೆ ಮಾಡಿದ ಒಂಬತ್ತು ಇಂಚಿನ ಇಟ್ಟಿಗೆ ಗೋಡೆಗೆ ಇದು ಸುಮಾರು 2. ಕೆಂಪು ಕಲ್ಲಿನಲ್ಲಿ ಕಲ್ಲಿನ ಗಟ್ಟಿತನ, ತೂತು, ತೇವ ನೋಡಿಕೊಂಡು ಸ್ವಲ್ಪ ಹೆಚ್ಚು ಕಡಿಮೆ ಆಗುತ್ತದೆ. ಲೆಕ್ಕಕ್ಕೆ 2 ಎಂದೇ ಇಟ್ಟುಕೊಳ್ಳೋಣ.

ಈಗ ಹತ್ತು ಚದರ ಮೀಟರ್ ಗೋಡೆ ತೆಗೆದುಕೊಳ್ಳಿ. ಅಂದರೆ ಸುಮಾರು 108 ಚದರಡಿ, ಒಂದು ಬೆಡ್‌ರೂಮಿನ ಒಂದು ಬದಿ. ಹೊರಗೂ ಒಳಗೂ 10 ಡಿಗ್ರಿ ವ್ಯತ್ಯಾಸ ಇದೆ ಎಂದಿಟ್ಟುಕೊಳ್ಳಿ. ಬರೀ ಗೋಡೆಯಲ್ಲಿ 200 ವಾಟ್ ಶಾಖ ಒಳಗೆ ಬರುತ್ತದೆ. ಒಂದು ಇಂಚು ಥರ್ಮೋಕೋಲ್ ಹಾಕಿದರೆ ಅದು ಸುಮಾರು 82 ವಾಟ್‌ಗೆ ಇಳಿಯುತ್ತದೆ. ಎರಡು ಇಂಚಿಗೆ 52. ಮೂರು ಇಂಚಿಗೆ 38. ನಾಲ್ಕು ಇಂಚಿಗೆ 30.

ಇನ್ನೊಮ್ಮೆ ನೋಡಿ. ಮೊದಲ ಇಂಚು 118 ವಾಟ್ ತಡೆಯಿತು. ಎರಡನೆಯದು ತಡೆದದ್ದು 30. ಮೂರನೆಯದು 14. ನಾಲ್ಕನೆಯದು ಬರೀ 8. ನಾಲ್ಕು ಇಂಚಿಗೂ ಸಾಮಾನಿನ ರೇಟ್ ಹೆಚ್ಚುಕಡಿಮೆ ಒಂದೇ, ಆದರೆ ಸಿಗುವ ಲಾಭ ಒಂದೇ ಅಲ್ಲ. ಬಿಸಿಲಲ್ಲಿ ಬಂದವನಿಗೆ ಮೊದಲ ಲೋಟ ನೀರು ಕೊಡುವ ತೃಪ್ತಿ ನಾಲ್ಕನೆಯ ಲೋಟ ಕೊಡುವುದಿಲ್ಲ, ಹಾಗೆಯೇ.

“ಎಷ್ಟು ಇಂಚು” ಎಂಬ ಪ್ರಶ್ನೆಗೆ ಉತ್ತರ ಇಲ್ಲಿಂದ ಶುರು ಆಗುತ್ತದೆ. ದಪ್ಪ ಹೆಚ್ಚಿಸುತ್ತಾ ಹೋಗುವುದು ಯಾವ ಊರಿನಲ್ಲೂ ಒಂದು ಹಂತದ ನಂತರ ನಷ್ಟವೇ. ಆ ಹಂತ ಎಲ್ಲಿ ಬರುತ್ತದೆ ಎಂಬುದನ್ನು ಊರಿನ ಹವೆ ತೀರ್ಮಾನಿಸುತ್ತದೆ.

ಅಲ್ಲಿಯ ನಿಯಮ, ಇಲ್ಲಿಯ ಹವೆ

ದುಬೈಯಲ್ಲಿ 2014ರಿಂದ ಹೊಸ ಕಟ್ಟಡಗಳಿಗೆಲ್ಲ ಹಸಿರು ಕಟ್ಟಡ ನಿಯಮ ಕಡ್ಡಾಯ. ಅದರ ಪ್ರಕಾರ ಗೋಡೆಯ ಯು ವ್ಯಾಲ್ಯೂ 0.57 ಮೀರಬಾರದು, ಮಾಡಿನದು 0.30 ಮೀರಬಾರದು. ಅಲ್ಲಿ ಕಟ್ಟಡ ಕೆಲಸದಲ್ಲಿರುವ ನಮ್ಮವರು ಎರಡು ಬ್ಲಾಕ್‌ಗಳ ನಡುವೆ, ಅಥವಾ ಬ್ಲಾಕ್‌ನ ಒಳಗೇ ಇನ್ಸುಲೇಶನ್ ಇರುವುದನ್ನು ದಿನವೂ ನೋಡುತ್ತಾರೆ. ಊರಿನ ಮನೆಗೂ ಅದೇ ಬೇಕು ಎಂದು ಅನಿಸುವುದು ಸಹಜ.

ಆದರೆ ಅಲ್ಲಿ ಬೇಸಿಗೆಯಲ್ಲಿ ಹೊರಗೆ 45 ಡಿಗ್ರಿ, ಒಳಗೆ 24. ಕಿಟಕಿ ತೆರೆಯುವ ಮಾತೇ ಇಲ್ಲ. ಎಸಿ ರಾತ್ರಿ ಹಗಲು ಓಡುತ್ತದೆ, ವರ್ಷದಲ್ಲಿ ಏಳೆಂಟು ತಿಂಗಳು. ಮಂಗಳೂರಿನಲ್ಲಿ ಸೆಕೆಗಾಲದ ಮಧ್ಯಾಹ್ನವೂ ಸಾಮಾನ್ಯವಾಗಿ 33ರಿಂದ 36 ಡಿಗ್ರಿ. ರಾತ್ರಿ 25-26ಕ್ಕೆ ಇಳಿಯುತ್ತದೆ. ನಮ್ಮನ್ನು ಸುಸ್ತು ಮಾಡುವುದು ಬಿಸಿಗಿಂತ ಹೆಚ್ಚಾಗಿ ಗಾಳಿಯಲ್ಲಿರುವ ತೇವ. ಬೆವರು ಆರುವುದಿಲ್ಲ. ಅದಕ್ಕೆ ಬೇಕಾದದ್ದು ಮೈಮೇಲೆ ಹಾಯುವ ಗಾಳಿ.

ಲೆಕ್ಕ ಹಾಕಿದರೆ ವ್ಯತ್ಯಾಸ ಸ್ಪಷ್ಟ. ಎಸಿ ಒಂದು ಯೂನಿಟ್ ಕರೆಂಟ್‌ನಲ್ಲಿ ಸುಮಾರು ಮೂರು ಯೂನಿಟ್ ಶಾಖವನ್ನು ಹೊರಗೆ ಹಾಕುತ್ತದೆ. ನಮ್ಮಲ್ಲಿ ಒಂದು ರೂಮಿನ ಎಸಿಯನ್ನು ವರ್ಷಕ್ಕೆ 120 ರಾತ್ರಿ, ದಿನಕ್ಕೆ 8 ಗಂಟೆ ಓಡಿಸುತ್ತೇವೆ ಎನ್ನೋಣ. ವ್ಯತ್ಯಾಸ 10 ಡಿಗ್ರಿ ಎಂದು ಧಾರಾಳವಾಗಿಯೇ ಹಿಡಿಯೋಣ. ಮೇಲೆ ಹೇಳಿದ ಗೋಡೆಗೆ ಮೊದಲ ಇಂಚು ವರ್ಷಕ್ಕೆ ಸುಮಾರು 38 ಯೂನಿಟ್ ಕರೆಂಟ್ ಉಳಿಸುತ್ತದೆ. ಎರಡನೇ ಇಂಚು 10 ಯೂನಿಟ್ ಕೂಡ ಇಲ್ಲ. ನಾಲ್ಕನೆಯದು ಎರಡೂವರೆ ಯೂನಿಟ್. ಇಡೀ ವರ್ಷಕ್ಕೆ! ಅದೇ ಗೋಡೆ ಗಲ್ಫ್‌ನಲ್ಲಿದ್ದು, ಎಸಿ 240 ದಿನ 24 ಗಂಟೆ ಓಡಿ, ವ್ಯತ್ಯಾಸ 20 ಡಿಗ್ರಿ ಇದ್ದರೆ ಪ್ರತಿ ಇಂಚಿನ ಲಾಭ ಹನ್ನೆರಡು ಪಟ್ಟು ಆಗುತ್ತದೆ. ಅಲ್ಲಿ ಆ ನಿಯಮ ಸರಿ. ಅದನ್ನು ಹಾಗೆಯೇ ಎತ್ತಿ ಇಲ್ಲಿ ತಂದಿಟ್ಟರೆ ಸರಿಯಾಗುವುದಿಲ್ಲ.

ಕೆಲವರು ಯುರೋಪಿನ ವೀಡಿಯೋ ನೋಡಿ ಹತ್ತು ಇಂಚಿನ ಮಾತಾಡುವುದೂ ಉಂಟು. ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ 1991ರಲ್ಲಿ ಕಟ್ಟಿದ ಮೊದಲ ‘ಪ್ಯಾಸಿವ್ ಹೌಸ್’ ಮಾದರಿಯಲ್ಲಿ ಗೋಡೆಯ ಯು ವ್ಯಾಲ್ಯೂ 0.15ರ ಆಸುಪಾಸಿಗೆ ಇಳಿಸುತ್ತಾರೆ. ಅಲ್ಲಿ ಹೊರಗೆ ಹಿಮ, ಒಳಗೆ 20 ಡಿಗ್ರಿ. ಒಳಗಿನ ಬಿಸಿ ಹೊರಹೋಗದಂತೆ ಕಾಯುವ ಮನೆ ಅದು. ನಮಗೆ ಬೇಕಾದದ್ದು ಬಿಸಿಲಿನಿಂದ ಕಾಯುವ ಮನೆ.

ನಮ್ಮ ದೇಶದ್ದೇ ಒಂದು ಅಳತೆಗೋಲು ಇದೆ. 2018ರ ಡಿಸೆಂಬರ್‌ನಲ್ಲಿ ಕೇಂದ್ರ ಸರಕಾರದ ಇಂಧನ ದಕ್ಷತಾ ಬ್ಯೂರೋ ವಾಸದ ಮನೆಗಳಿಗಾಗಿ ‘ಇಕೋ ನಿವಾಸ್ ಸಂಹಿತಾ’ ಹೊರತಂದಿತು. ಅದು 500 ಚದರ ಮೀಟರ್, ಅಂದರೆ ಹನ್ನೆರಡು ಸೆಂಟ್ಸ್‌ಗಿಂತ ಸ್ವಲ್ಪ ಹೆಚ್ಚಿನ ಜಾಗದಿಂದ ಮೇಲ್ಪಟ್ಟ ಕಟ್ಟಡಗಳನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಐದು, ಹತ್ತು ಸೆಂಟ್ಸ್‌ನಲ್ಲಿ ಕಟ್ಟುವವರಿಗೆ ಅದು ಕಡ್ಡಾಯ ಅಲ್ಲ, ಆದರೂ ದಾರಿ ತೋರಿಸುತ್ತದೆ. ಅದರಲ್ಲಿ ಮಾಡಿಗೆ ಖಚಿತ ಸಂಖ್ಯೆ ಕೊಟ್ಟಿದ್ದಾರೆ: ಯು ವ್ಯಾಲ್ಯೂ 1.2 ಮೀರಬಾರದು. ನಮ್ಮಂಥ ಹವೆಯ ಊರಿನಲ್ಲಿ ಗೋಡೆಗೆ ಮಾತ್ರ ಪ್ರತ್ಯೇಕ ಸಂಖ್ಯೆ ಇಲ್ಲ. ಗೋಡೆ, ಕಿಟಕಿ, ಗಾಜು, ನೆರಳು ಎಲ್ಲ ಸೇರಿಸಿ ಚದರ ಮೀಟರ್‌ಗೆ ಸರಾಸರಿ 15 ವಾಟ್‌ಗಿಂತ ಹೆಚ್ಚು ಶಾಖ ಒಳಗೆ ಬರಬಾರದು ಎಂದಿದೆ. ಗೋಡೆ ದಪ್ಪ ಮಾಡಿ ಗಾಜಿಗೆ ನೆರಳು ಕೊಡದಿದ್ದರೆ ಪ್ರಯೋಜನ ಇಲ್ಲ ಎಂಬುದನ್ನು ನಿಯಮ ಬರೆದವರೇ ಒಪ್ಪಿದ ಹಾಗೆ.

ಏಪ್ರಿಲ್‌ನಲ್ಲಿ ಸೂರ್ಯ ಎಲ್ಲಿರುತ್ತಾನೆ?

ಮಂಗಳೂರು ಇರುವುದು ಸುಮಾರು 12.9 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ವರ್ಷಕ್ಕೆ ಎರಡು ಬಾರಿ, ಏಪ್ರಿಲ್ ಕೊನೆಯ ವಾರದಲ್ಲಿ ಮತ್ತು ಆಗಸ್ಟ್ ಮೂರನೇ ವಾರದ ಹೊತ್ತಿಗೆ, ಸೂರ್ಯ ನಡುಮಧ್ಯಾಹ್ನ ನೇರ ನೆತ್ತಿಯ ಮೇಲೆ ಬರುತ್ತಾನೆ. ಆಗಸ್ಟ್‌ನಲ್ಲಿ ಮೋಡ, ಮಳೆ ಕಾಪಾಡುತ್ತದೆ. ಏಪ್ರಿಲ್‌ನಲ್ಲಿ ಯಾರೂ ಕಾಪಾಡುವುದಿಲ್ಲ. ಅತಿ ಸೆಕೆಯ ತಿಂಗಳಲ್ಲೇ ಬಿಸಿಲು ಪೂರ್ತಿ ಮಾಡಿನ ಮೇಲೆ. ಆ ಹೊತ್ತಿಗೆ ಗೋಡೆಗಳು ತಮ್ಮ ನೆರಳಿನಲ್ಲೇ ಇರುತ್ತವೆ.

ಈಗಿನ ಮನೆಗಳ ಮಾಡು ಎಂದರೆ ಐದು ಇಂಚಿನ ಕಾಂಕ್ರೀಟ್ ಸ್ಲ್ಯಾಬ್. ಕಾಂಕ್ರೀಟ್ ಶಾಖವನ್ನು ಸಲೀಸಾಗಿ ದಾಟಿಸುತ್ತದೆ. ಬರೀ ಸ್ಲ್ಯಾಬ್‌ನ ಯು ವ್ಯಾಲ್ಯೂ ಸುಮಾರು 3. ಮಳೆಗಾಲದ ಪಾಚಿ ಕಟ್ಟಿ ಕಪ್ಪಾದ ಟೆರೇಸ್‌ನ ಮೈ ಏಪ್ರಿಲ್ ಮಧ್ಯಾಹ್ನ 60 ಡಿಗ್ರಿ ಮುಟ್ಟುತ್ತದೆ. ಬರಿಗಾಲಲ್ಲಿ ಬಟ್ಟೆ ತೆಗೆಯಲು ಹೋದ ಹೆಂಗಸರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಒಳಗೆ 30 ಡಿಗ್ರಿ ಇದ್ದರೆ ವ್ಯತ್ಯಾಸ 30. ಹನ್ನೆರಡಡಿ ಅಗಲ, ಹನ್ನೆರಡಡಿ ಉದ್ದದ ರೂಮಿನ ಮೇಲೆ ಆ ಲೆಕ್ಕದಲ್ಲಿ 1,200 ವಾಟ್ ಶಾಖ ಇಳಿಯುತ್ತದೆ. 1,000 ವಾಟ್‌ನ ಇಸ್ತ್ರಿಪೆಟ್ಟಿಗೆಯನ್ನು ಚಾಲೂ ಮಾಡಿ ರೂಮಿನಲ್ಲಿಟ್ಟ ಹಾಗೆ. ಸ್ಲ್ಯಾಬ್ ಈ ಶಾಖವನ್ನು ಕೂಡಲೇ ಬಿಡುವುದಿಲ್ಲ, ತುಂಬಿಸಿಟ್ಟುಕೊಂಡು ಸಂಜೆಯಿಂದ ನಡುರಾತ್ರಿಯವರೆಗೆ ನಿಧಾನವಾಗಿ ಕೆಳಗೆ ಬಿಡುತ್ತದೆ. ಮಲಗಿದಾಗ ಫ್ಯಾನ್ ಬಿಸಿಗಾಳಿ ಎರಚುವುದು ಇದರಿಂದಲೇ.

ಇದೇ ಸ್ಲ್ಯಾಬ್‌ನ ಮೇಲೆ ಒಂದು ಇಂಚು ಇನ್ಸುಲೇಶನ್ ಹಾಕಿದರೆ 1,200 ವಾಟ್ ಸುಮಾರು 380ಕ್ಕೆ ಇಳಿಯುತ್ತದೆ. ಯು ವ್ಯಾಲ್ಯೂ ಒಂದರ ಆಸುಪಾಸು, ಅಂದರೆ ಸಂಹಿತೆಯ 1.2 ದಾಟಿ ಒಳಗೆ ಬಂದಾಯಿತು. ಎರಡು ಇಂಚು ಹಾಕಿದರೆ 230 ವಾಟ್. ಗೋಡೆಯ ಮೊದಲ ಇಂಚು ಉಳಿಸಿದ್ದು 118 ವಾಟ್ ಎಂಬುದು ನೆನಪಿರಲಿ. ಮಾಡಿನ ಎರಡನೇ ಇಂಚು ಕೂಡ ಅದಕ್ಕಿಂತ ಹೆಚ್ಚು ಉಳಿಸುತ್ತದೆ! ಹಾಗಾಗಿ ಕೈಯಲ್ಲಿ ಇನ್ಸುಲೇಶನ್‌ಗೆಂದು ಸ್ವಲ್ಪ ಹಣ ಇದ್ದರೆ ಅದರ ಮೊದಲ ಹಕ್ಕು ಮಾಡಿನದು.

ಹಾಕುವ ಜಾಗವೂ ಮುಖ್ಯ. ಸ್ಲ್ಯಾಬ್‌ನ ಮೇಲ್ಗಡೆ ಹಾಕಿದರೆ ಸ್ಲ್ಯಾಬ್ ಬಿಸಿಯೇ ಆಗುವುದಿಲ್ಲ. ಮೊದಲು ವಾಟರ್‌ಪ್ರೂಫಿಂಗ್, ಅದರ ಮೇಲೆ ನೀರು ಹೀರದ ಎಕ್ಸ್‌ಪಿಎಸ್ ಬೋರ್ಡ್, ಮೇಲೆ ನೀರು ಹರಿಯುವಂತೆ ಇಳಿಜಾರು ಕಾಂಕ್ರೀಟ್, ಕೊನೆಗೆ ತಿಳಿಬಣ್ಣದ ಟೈಲ್ಸ್. ನಮ್ಮ ಮಳೆಗೆ ಸಾದಾ ಥರ್ಮೋಕೋಲ್ ಮಾಡಿನ ಮೇಲೆ ಬೇಡ, ನೀರು ಹಿಡಿದರೆ ಅದರ ಗುಣ ಹೋಗುತ್ತದೆ. ಸ್ಲ್ಯಾಬ್‌ನ ಕೆಳಗೆ ಜಿಪ್ಸಂ ಸೀಲಿಂಗ್ ಮಾಡಿಸುವುದು ಕಟ್ಟಿ ಮುಗಿದ ಮನೆಗೆ ಪರವಾಗಿಲ್ಲ, ಹೊಸ ಮನೆಗೆ ಅದು ಎರಡನೇ ದಾರಿ.

ಇನ್ಸುಲೇಶನ್ ಬೋರ್ಡೇ ಆಗಬೇಕೆಂದೂ ಇಲ್ಲ. ನಮ್ಮ ಕಡೆ ಮಳೆ ಸೋರದಿರಲಿ, ಬಟ್ಟೆ, ಅಡಿಕೆ ಒಣಗಲಿ ಎಂದು ಟೆರೇಸ್ ಮೇಲೆ ಶೀಟ್ ಹಾಕಿಸುತ್ತಾರೆ. ಅದು ಸ್ಲ್ಯಾಬ್‌ಗೆ ಕೊಡೆ ಹಿಡಿದ ಹಾಗೆ. ಬದಿಗಳನ್ನು ಮುಚ್ಚದೆ ಗಾಳಿ ಆಡಲು ಬಿಟ್ಟರೆ ಸೆಕೆಯನ್ನು ಚೆನ್ನಾಗಿಯೇ ತಡೆಯುತ್ತದೆ. ಇಳಿಜಾರು ಸ್ಲ್ಯಾಬ್ ಮಾಡಿ ಮೇಲೆ ಪಟ್ಟಿ ಕೊಟ್ಟು ಹಂಚು ಹೊದೆಸುವುದೂ ಇದೇ ಕೆಲಸ ಮಾಡುತ್ತದೆ. ಏನೂ ಸಾಧ್ಯವಿಲ್ಲದವರು ಟೆರೇಸ್‌ಗೆ ಬಿಸಿಲು ತಿರುಗಿಸುವ ಬಿಳಿ ಬಣ್ಣ ಬಳಿಯಬಹುದು. ಮಳೆಗಾಲದ ಪಾಚಿಯಲ್ಲಿ ಅದು ಕಪ್ಪಾಗುತ್ತದೆ, ಹಾಗಾಗಿ ಪ್ರತಿವರ್ಷ ಸೆಕೆ ಶುರುವಾಗುವ ಮೊದಲು ತಿಕ್ಕಿ ತೊಳೆಯಬೇಕು.

ಗೋಡೆಗಿಂತ ಮೊದಲು ಗಾಜು

ಎರಡನೇ ಹಕ್ಕು ಕಿಟಕಿಯದು. ಮಧ್ಯಾಹ್ನದ ನಂತರದ ಬಿಸಿಲು ನೇರ ಬಿದ್ದರೆ ಒಂದು ಚದರ ಮೀಟರ್ ಸಾದಾ ಗಾಜು 400 ವಾಟ್ ಶಾಖ ಒಳಬಿಡುವುದು ಸಾಮಾನ್ಯ. ಮೇಲೆ ಲೆಕ್ಕ ಹಾಕಿದ ಇಡೀ ಹತ್ತು ಚದರ ಮೀಟರ್ ಬರೀ ಗೋಡೆ ಬಿಟ್ಟದ್ದು 200. ಪಡುವಣಕ್ಕೆ ದೊಡ್ಡ ಗಾಜಿನ ಕಿಟಕಿ ಇಟ್ಟು, ಅದರ ಪಕ್ಕದ ಗೋಡೆಗೆ ನಾಲ್ಕು ಇಂಚು ಇನ್ಸುಲೇಶನ್ ತುಂಬಿಸುವುದು ತಳ ಒಡೆದ ಕೊಡಪಾನಕ್ಕೆ ಮುಚ್ಚಳ ಹುಡುಕಿದ ಹಾಗೆ.

ಒಳಗೆ ಪರದೆ ಎಳೆದರೆ ಅಷ್ಟೇನೂ ಲಾಭ ಇಲ್ಲ, ಶಾಖ ಆಗಲೇ ಗಾಜು ದಾಟಿ ಬಂದಾಗಿದೆ. ನೆರಳು ಹೊರಗಡೆ ಬೇಕು. ತೆಂಕು, ಬಡಗು ಕಿಟಕಿಗಳಿಗೆ ಎರಡು ಅಡಿ ಸಜ್ಜಾ ಸಾಕಾಗ್ತದೆ, ಅಲ್ಲಿ ಸೂರ್ಯ ಎತ್ತರದಲ್ಲಿರುತ್ತಾನೆ. ಪಡುವಣದಲ್ಲಿ ಬಿಸಿಲು ತಗ್ಗಿನಿಂದ ಬರುವುದರಿಂದ ಸಜ್ಜಾ ಕೆಲಸ ಮಾಡುವುದಿಲ್ಲ. ಅಲ್ಲಿ ಜಗಲಿ, ಮಣ್ಣಿನ ಜಾಲಿ, ಮರದ ಪಟ್ಟಿಯ ತಡಿಕೆ ಬೇಕು. ಜಾಲಿ ಹಾಕಿದರೆ ಇನ್ನೊಂದು ಅನುಕೂಲ ಉಂಟು: ಗಾಳಿ ಬರುತ್ತದೆ, ಹೊರಗಿನವರಿಗೆ ಒಳಗೆ ಕಾಣುವುದಿಲ್ಲ. ಮರ್ಯಾದೆಗೆಂದು ಕಿಟಕಿ ಯಾವಾಗಲೂ ಮುಚ್ಚಿಡುವ ನಮ್ಮ ಮನೆಗಳಿಗೆ ಇದು ಹೇಳಿಮಾಡಿಸಿದ್ದು.

ಸಂಹಿತೆಯ ಇನ್ನೊಂದು ಸಂಖ್ಯೆ ನಮಗೆ ಬಹಳ ಉಪಯೋಗದ್ದು. ನಮ್ಮಂಥ ಸೆಕೆ ಮತ್ತು ತೇವದ ಊರಿನಲ್ಲಿ ಕಿಟಕಿ, ವೆಂಟಿಲೇಟರ್, ಹೊರಬಾಗಿಲು ಸೇರಿ ತೆರೆಯಬಹುದಾದ ಜಾಗ ನೆಲದ ವಿಸ್ತೀರ್ಣದ ಆರರಲ್ಲಿ ಒಂದು ಪಾಲು ಇರಬೇಕು. 120 ಚದರಡಿ ರೂಮಿಗೆ 20 ಚದರಡಿ. ಈಗಿನ ಸ್ಲೈಡಿಂಗ್ ಕಿಟಕಿಯಲ್ಲಿ ತೆರೆಯುವುದು ಅರ್ಧ ಮಾತ್ರ ಎಂಬುದನ್ನು ಮರೆಯಬೇಡಿ. ಎದುರು ಬದಿಯಲ್ಲಿ ಗಾಳಿ ಹೊರಹೋಗಲು ದಾರಿ ಇಲ್ಲದಿದ್ದರೆ ಒಳಬರುವುದೂ ಇಲ್ಲ. ಸೊಳ್ಳೆಗೆ ಹೆದರಿ ಸಂಜೆ ಆರಕ್ಕೆ ಎಲ್ಲ ಕಿಟಕಿ ಮುಚ್ಚಿದರೆ ರಾತ್ರಿಯ ತಂಪು ಹೊರಗೇ ಉಳಿಯುತ್ತದೆ. ಕಿಟಕಿಗೆ ಬಲೆ ಹಾಕಿಸುವ ಖರ್ಚು ಗೋಡೆಯ ಎರಡನೇ ಇಂಚಿಗಿಂತ ಎಷ್ಟೋ ಹೆಚ್ಚು ಫಲ ಕೊಡುತ್ತದೆ.

ಪಡುವಣ ಗೋಡೆಯ ಪಾಡು

ಈಗ ಗೋಡೆಗೆ ಬರೋಣ. ನಾಲ್ಕು ಗೋಡೆಗಳೂ ಒಂದೇ ಅಲ್ಲ. ಸಮಸ್ಯೆ ಮುಖ್ಯವಾಗಿ ಪಡುವಣದ್ದು. ಮಧ್ಯಾಹ್ನ ಎರಡರಿಂದ ಆರರವರೆಗೆ ಬಿಸಿಲು ಅದರ ಮೇಲೆ ಬೀಳುತ್ತದೆ. ಒಂಬತ್ತು ಇಂಚಿನ ಕಲ್ಲು ಆ ಶಾಖವನ್ನು ಒಳಬದಿಗೆ ತಲುಪಿಸಲು ಹಲವು ಗಂಟೆ ತೆಗೆದುಕೊಳ್ಳುತ್ತದೆ. ತಲುಪುವ ಹೊತ್ತಿಗೆ ಮಲಗುವ ಸಮಯ. ಮೇಸ್ತ್ರಿ ಹೇಳುವ ಕೆಂಪು ಕಲ್ಲಿನ ತಂಪು ಹಗಲಿನ ತಂಪು. ನೆರಳಿಲ್ಲದ ಪಡುವಣ ಗೋಡೆಯಾದರೆ ಅದೇ ಕಲ್ಲು ರಾತ್ರಿ ಬಿಸಿ ಬಿಡುತ್ತದೆ.

ಇದಕ್ಕೆ ಮೊದಲ ಮದ್ದು ನಕ್ಷೆಯಲ್ಲೇ ಇದೆ, ಖರ್ಚೂ ಇಲ್ಲ. ಬಚ್ಚಲು, ಸ್ಟೋರ್ ರೂಮ್, ಮೆಟ್ಟಿಲು ಇವುಗಳನ್ನು ಪಡುವಣಕ್ಕೆ ಹಾಕಿ, ಬೆಡ್‌ರೂಮ್‌ಗಳನ್ನು ಮೂಡಣ ಅಥವಾ ಬಡಗಿಗೆ ಇಡಿ. ವಯಸ್ಸಾದ ತಂದೆ ತಾಯಿಯ ರೂಮ್ ಕೆಳಗಿನ ಮಹಡಿಯಲ್ಲಿರಲಿ, ಮೇಲಿನ ಮಹಡಿಯೇ ಅದಕ್ಕೆ ಇನ್ಸುಲೇಶನ್. ಎರಡನೆಯದು ನೆರಳು: ಜಗಲಿ, ಮುಂದೆ ಚಾಚಿದ ಮಾಡು, ಸ್ವಲ್ಪ ದೂರದಲ್ಲಿ ಒಂದು ಮಾವು ಅಥವಾ ಹಲಸು. ನಮ್ಮ ಮುಂಗಾರು ಮಳೆ ಬೀಸುವುದೂ ತೆಂಕು ಪಡುವಣದಿಂದಲೇ. ಮುಂದೆ ಚಾಚಿದ ಮಾಡು ಬಿಸಿಲನ್ನೂ ತಡೆಯುತ್ತದೆ, ಗೋಡೆ ನೆನೆಯುವುದನ್ನೂ ತಡೆಯುತ್ತದೆ. ನೆನೆದ ಗೋಡೆ ಒಣ ಗೋಡೆಗಿಂತ ಹೆಚ್ಚು ಶಾಖ ದಾಟಿಸುತ್ತದೆ, ಒಳಗೆ ಬೂಸಲೂ ಹಿಡಿಯುತ್ತದೆ.

ಪಡುವಣವನ್ನು ಪೂರ್ತಿ ಮುಚ್ಚುವುದೂ ತಪ್ಪು. ಮಧ್ಯಾಹ್ನದ ಕಡಲಗಾಳಿ ಬರುವುದು ಆ ಕಡೆಯಿಂದ. ನೆರಳಿರುವ ಸಣ್ಣ ಕಿಟಕಿಗಳು ಅಲ್ಲಿರಲಿ, ಮೂಡಣ ಬದಿಯಲ್ಲಿ ದೊಡ್ಡದಾಗಿ ತೆರೆಯಲಿ.

ಇಷ್ಟು ಮಾಡಿದ ಮನೆಯಲ್ಲಿ ಫ್ಯಾನ್ ಮಾತ್ರ ಇರುವ ರೂಮ್‌ಗಳ ಗೋಡೆಗೆ ಇನ್ಸುಲೇಶನ್ ಬೇಕಾಗುವುದಿಲ್ಲ. ಕಿಟಕಿ ತೆರೆದಿರುವಾಗ ಹೊರಗಿನ ಗಾಳಿಯೇ ಒಳಗೆ ಬರುತ್ತದಲ್ಲ, ಗೋಡೆ ತಡೆದು ಏನು ಪ್ರಯೋಜನ?

ನೆರಳು ಕೊಡಲು ಜಾಗವೇ ಇಲ್ಲದ ಇಕ್ಕಟ್ಟಿನ ಸೈಟ್ ಆದರೆ ಆ ಒಂದು ಗೋಡೆಯನ್ನು ಎಎಸಿ ಬ್ಲಾಕ್‌ನಲ್ಲಿ ಕಟ್ಟಿಸುವುದನ್ನು ಯೋಚಿಸಬಹುದು. ಎಂಟು ಇಂಚಿನ ಎಎಸಿ ಗೋಡೆಯ ಯು ವ್ಯಾಲ್ಯೂ ಸುಮಾರು 0.75. ಕಲ್ಲಿನ ಗೋಡೆಗೆ ಒಂದು ಇಂಚು ಥರ್ಮೋಕೋಲ್ ಹಾಕಿದ್ದಕ್ಕೆ ಅದು ಸಮ. ಬ್ಲಾಕ್ ನೀರು ಹೀರುತ್ತದೆ, ಹಾಗಾಗಿ ಹೊರಗಿನ ಸಾರಣೆ ಬಿರುಕಿಲ್ಲದೆ ಇರಬೇಕು. ಈ ಕೆಲಸ ಮಾಡಿ ಗೊತ್ತಿರುವ ಮೇಸ್ತ್ರಿಯೇ ಬೇಕು.

ಎಸಿ ರೂಮ್ ಇದ್ದರೆ

ಎಸಿ ಹಾಕುವ ರೂಮಿನ ಮಾತು ಬೇರೆ. ಅಲ್ಲಿ ಬಿಸಿಲು ಬೀಳುವ ಗೋಡೆಗೆ ಒಂದು ಇಂಚು ಇನ್ಸುಲೇಶನ್ ಹಾಕಿಸಿದರೆ ತಪ್ಪಿಲ್ಲ. ಎಸಿ ಹಗಲೂ ರಾತ್ರಿಯೂ ಓಡುವಂಥ ಮನೆಯಾದರೆ, ಹಾಸಿಗೆ ಹಿಡಿದ ಹಿರಿಯರಿದ್ದರೆ, ಎರಡು ಇಂಚು. ಅದಕ್ಕಿಂತ ಹೆಚ್ಚಿಗೆ ನಮ್ಮ ಹವೆಯಲ್ಲಿ ಕಾರಣ ಇಲ್ಲ. ಮನೆಯಿಡೀ ಮಾಡುವ ಬದಲು ಒಂದು ಅಥವಾ ಎರಡು ರೂಮನ್ನು ಸರಿಯಾಗಿ ಮಾಡಿ, ಅವುಗಳ ಬಾಗಿಲು ಕಿಟಕಿ ಸಂದಿಲ್ಲದೆ ಮುಚ್ಚುವಂತೆ ನೋಡಿಕೊಳ್ಳುವುದೇ ಜಾಣತನ. ಬಾಗಿಲ ಕೆಳಗಿನ ಸಂದಿಯಿಂದ ತೇವದ ಗಾಳಿ ಬರುತ್ತಿದ್ದರೆ ಎಸಿಯ ಅರ್ಧ ಕೆಲಸ ಆ ತೇವ ತೆಗೆಯುವುದರಲ್ಲೇ ಹೋಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಚಳಿದೇಶದ ವೀಡಿಯೋಗಳಲ್ಲಿ ತೇವ ತಡೆಯುವ ಹಾಳೆಯನ್ನು ಇನ್ಸುಲೇಶನ್‌ನ ಒಳಬದಿಗೆ ಹಾಕುತ್ತಾರೆ. ಅಲ್ಲಿ ಒಳಗೆ ಬಿಸಿ, ಹೊರಗೆ ಚಳಿ. ನಮ್ಮಲ್ಲಿ ಹೊರಗೆ ತೇವದ ಬಿಸಿಗಾಳಿ, ಎಸಿ ರೂಮಿನ ಒಳಗೆ ತಂಪು. ತಂಪು ಬಾಟಲಿಯ ಹೊರಮೈಯಲ್ಲಿ ನೀರು ಕಟ್ಟುವುದನ್ನು ನೋಡಿದ್ದೀರಲ್ಲ? ಹೊರಗಿನ ತೇವ ಗೋಡೆಯೊಳಗೆ ನುಗ್ಗಿ ತಂಪು ಜಾಗ ಮುಟ್ಟಿದರೆ ಅಲ್ಲಿಯೂ ಹಾಗೆಯೇ. ಆದ್ದರಿಂದ ನಮ್ಮಲ್ಲಿ ತಡೆ ಹೊರಬದಿಗೆ ಇರಬೇಕು. ನೀರು ಹೀರುವ ರಾಕ್‌ವುಲ್‌ಗಿಂತ ಗಟ್ಟಿ ಬೋರ್ಡ್ ವಾಸಿ. ಥರ್ಮೋಕೋಲ್ ಬೆಂಕಿಗೆ ಬೇಗ ಹಿಡಿಯುವ ವಸ್ತು, ಬೇಗ ಬೆಂಕಿ ಹಿಡಿಯದ ದರ್ಜೆಯದ್ದನ್ನೇ ಕೇಳಿ ತೆಗೆದುಕೊಳ್ಳಿ. ಸಾರಣೆಯಿಂದ ಪೂರ್ತಿ ಮುಚ್ಚದೆ ಬಿಡಬೇಡಿ. ಇರುವೆ, ಇಲಿ ಒಳಗೆ ಗೂಡು ಮಾಡದಂತೆ ಅಂಚುಗಳನ್ನೂ ಮುಚ್ಚಿಸಿ.

ಹಿರಿಯರ ಮನೆ, ಇಂದಿನ ಅಡುಗೆಕೋಣೆ

ನಮ್ಮ ಹಿರಿಯರು ಯು ವ್ಯಾಲ್ಯೂ ಓದಿದವರಲ್ಲ. ಆದರೆ ಹಂಚಿನ ಮಾಡು, ಅದರ ಕೆಳಗೆ ಅಟ್ಟ, ಅಟ್ಟಕ್ಕೆ ಮರದ ಮುಚ್ಚಿಗೆ, ಸುತ್ತ ಜಗಲಿ ಎಂಬ ಕ್ರಮ ಅವರಿಗೆ ಗೊತ್ತಿತ್ತು. 1865ರಲ್ಲಿ ಬಾಸೆಲ್ ಮಿಷನ್‌ನವರು ನೇತ್ರಾವತಿ ದಡದಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹಂಚು ಸಾಮಾನ್ಯರ ಮನೆಗೂ ಬಂತು. ಹಂಚಿನ ಸಂದಿಯಿಂದ ಬಿಸಿಗಾಳಿ ಮೇಲಕ್ಕೆ ಹೋಗುತ್ತಿತ್ತು, ಅಟ್ಟದ ಗಾಳಿ ಇನ್ಸುಲೇಶನ್ ಆಗುತ್ತಿತ್ತು, ಹಂಚು ಸಂಜೆಯಾದ ಕೂಡಲೇ ತಣಿಯುತ್ತಿತ್ತು. ಕಾಂಕ್ರೀಟಿಗೆ ಬದಲಾದಾಗ ನಾವು ಕಳೆದುಕೊಂಡದ್ದು ಮುಖ್ಯವಾಗಿ ಮಾಡನ್ನು. ಗೋಡೆ ಅಂದಿಗೂ ಇಂದಿಗೂ ಹೆಚ್ಚುಕಡಿಮೆ ಅದೇ ಕೆಂಪು ಕಲ್ಲು.

ಇನ್ನು ಅಡುಗೆಕೋಣೆ. ಅಲ್ಲಿ ಸೆಕೆ ಹುಟ್ಟುವುದು ಒಳಗೇ. ಗೋಡೆಗೆ ಇನ್ಸುಲೇಶನ್ ಹಾಕಿದರೆ ಬಿಸಿ ಒಳಗೇ ನಿಲ್ಲುತ್ತದೆ. ಕೆಲವು ವರ್ಷಗಳಿಂದ ರಮಝಾನ್ ಸೆಕೆಗಾಲದ ಆಸುಪಾಸಿನಲ್ಲಿ ಬರುತ್ತಿದೆ. ಇಫ್ತಾರ್‌ನ ಅಡುಗೆ ಆಗುವುದು ಪಡುವಣ ಬಿಸಿಲು ಜೋರಾಗಿರುವ ಹೊತ್ತಿನಲ್ಲೇ, ಉಪವಾಸ ಹಿಡಿದವರ ಕೈಯಿಂದ. ಅಡುಗೆಕೋಣೆಯನ್ನು ಪಡುವಣಕ್ಕೆ ತಳ್ಳಬೇಡಿ. ಎತ್ತರದಲ್ಲಿ ವೆಂಟಿಲೇಟರ್, ಒಲೆಯ ಮೇಲೆ ಚಿಮಣಿ ಅಥವಾ ಎಕ್ಸಾಸ್ಟ್ ಫ್ಯಾನ್, ಎದುರಿಗೆ ಗಾಳಿ ಬರುವ ಕಿಟಕಿ ಇಡಿಸಿ. ನಕ್ಷೆ ತೀರ್ಮಾನವಾಗುವ ಮೊದಲು ಅಲ್ಲಿ ನಿಂತು ಅಡುಗೆ ಮಾಡುವವರನ್ನು ಒಂದು ಮಾತು ಕೇಳಿ.

ಇಂಜಿನಿಯರ್ ಎದುರು ಕೂತಾಗ

ನಕ್ಷೆ ಕೈಗೆ ಬಂದ ದಿನ ಈ ಐದು ಪ್ರಶ್ನೆ ಕೇಳಿ. ಮಾಡಿನ ಯು ವ್ಯಾಲ್ಯೂ ಎಷ್ಟು ಬರುತ್ತದೆ, 1.2ರ ಒಳಗಿದೆಯೇ? ಪಡುವಣಕ್ಕೆ ಎಷ್ಟು ಗಾಜು, ಅದಕ್ಕೆ ಹೊರಗಿನಿಂದ ನೆರಳು ಏನು? ತೆರೆಯುವ ಕಿಟಕಿ ನೆಲದ ಆರನೇ ಒಂದು ಪಾಲು ಇದೆಯೇ, ಪ್ರತಿ ರೂಮಿನಲ್ಲೂ ಗಾಳಿ ಹೊರಹೋಗಲು ದಾರಿ ಇದೆಯೇ? ಎಸಿ ಬರುವ ರೂಮ್ ಯಾವುದು, ಅದರ ಎಷ್ಟು ಗೋಡೆಗೆ ಬಿಸಿಲು ಬೀಳುತ್ತದೆ? ಇನ್ಸುಲೇಶನ್ ಹಾಕುವುದಾದರೆ ಒಂದು ಇಂಚಿಗೂ ಎರಡು ಇಂಚಿಗೂ ರೇಟ್ ಎಷ್ಟು ವ್ಯತ್ಯಾಸ?

ಈ ಕೊನೆಯ ವ್ಯತ್ಯಾಸವನ್ನು ವರ್ಷಕ್ಕೆ ಉಳಿಯುವ ಕರೆಂಟಿನ ಹಣದಿಂದ ಭಾಗಿಸಿ. ಎಷ್ಟು ವರ್ಷದಲ್ಲಿ ಹಣ ವಾಪಸ್ ಬರುತ್ತದೆ ಎಂದು ಕಾಗದದ ಮೇಲೆಯೇ ಕಾಣುತ್ತದೆ. ಹತ್ತು ವರ್ಷದೊಳಗೆ ಬಂದರೆ ಹಾಕಿಸಿ. ಮೂವತ್ತು, ನಲವತ್ತು ವರ್ಷ ಎಂದಾದರೆ ಆ ಹಣಕ್ಕೆ ಮನೆಯಲ್ಲಿ ಬೇರೆ ಕೆಲಸ ಇದೆ. 75 ವಾಟ್‌ನ ಹಳೆಯ ಫ್ಯಾನ್‌ಗಳ ಬದಲು 30 ವಾಟ್ ಆಸುಪಾಸಿನ ಬಿಎಲ್‌ಡಿಸಿ ಫ್ಯಾನ್ ಹಾಕಿಸುವುದೂ ಅದರಲ್ಲಿ ಒಂದು.

ಹಂತ ಹಂತವಾಗಿ ಕಟ್ಟುವವರು ಕ್ರಮ ಮಾತ್ರ ತಪ್ಪಿಸಬಾರದು. ಮೊದಲು ನಕ್ಷೆ, ನಂತರ ಮಾಡು, ನಂತರ ಕಿಟಕಿಯ ನೆರಳು ಮತ್ತು ಗಾಳಿ, ನಂತರ ಪಡುವಣ ಗೋಡೆ, ಕೊನೆಗೆ ಎಸಿ ರೂಮಿನ ಗೋಡೆಗೆ ಒಂದು ಇಂಚು. ಹಣ ಎಲ್ಲಿಗೆ ಮುಗಿಯುತ್ತದೋ ಅಲ್ಲಿಗೆ ನಿಲ್ಲಿಸಬಹುದು. ಈ ಕ್ರಮದಲ್ಲಿ ಹೋದರೆ ಖರ್ಚು ಮಾಡಿದಷ್ಟಕ್ಕೂ ಫಲ ಸಿಕ್ಕಿರುತ್ತದೆ. ಏಪ್ರಿಲ್ ರಾತ್ರಿ ಮೇಲಿನ ರೂಮಿನಲ್ಲಿ ಮಕ್ಕಳು ನಿದ್ದೆ ಮಾಡುತ್ತಾರೆ.